ಮನೆಗೆ ಬಂದವರ ಗೆಲುವು

೧೯೦೯, ನವೆಂಬರ್ ೪. ಬಾಗಲಕೋಟೆ

ಇಂದಿನಿಂದ ದಿನಚರಿ ಬರೆಯಬೇಕೆಂದು ನಿಶ್ಚಯಿಸಿದ್ದೇನೆ. ದೊಡ್ಡ ಕೆಲಸ ಮಾಡುವವರೆಲ್ಲ ಬರೆಯುತ್ತಾರಂತೆ. ನನಗೂ ಇಂದು ಒಂದು ದೊಡ್ಡ ಕೆಲಸ ಬಂದಿದೆ.

ಟಾಲ್ಬಟ್ ಸಾಹೇಬರು ಬೆಳಿಗ್ಗೆ ಕಚೇರಿಗೆ ಕರೆಸಿದರು. ಬೆಳಗಾವಿ, ಧಾರವಾಡದ ಶಾಲೆಯ ಹುಡುಗರು ಹಾಕಿ ಎಂಬ ಆಟ ಆಡುತ್ತಾರೆ. ಊರಿಗೊಂದು ತಂಡ, ತಂಡಕ್ಕೆ ಹನ್ನೊಂದು ಹುಡುಗರು, ಎಲ್ಲ ತಂಡಗಳೂ ಪರಸ್ಪರ ಆಡುವ ಏರ್ಪಾಡಿಗೆ ಲೀಗ್ ಎಂದು ಹೆಸರು. ಈ ಲೀಗನ್ನು ಇನ್ನು ಹಿಂದುಳಿದ ಮೂಲೆಗಳಿಗೂ ವಿಸ್ತರಿಸಬೇಕಂತೆ. ಮೂಲೆ ಎಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು. ವಿಸ್ತರಿಸುವವನು ನಾನು.

ನಾನು ಶಾಲೆಗಳ ಇನ್ಸ್‌ಪೆಕ್ಟರ್. ಆದರೆ ಹಂಗಾಮಿ. ಮೂರು ವರ್ಷದಿಂದ ಹಂಗಾಮಿ. ಫೆಬ್ರವರಿಯೊಳಗೆ ನಾಲ್ಕು ತಂಡಗಳಲ್ಲಿ ಒಂದನ್ನು ಗೆದ್ದ ತಂಡವೆಂದು ತೋರಿಸಿ, ಬೆಳ್ಳಿಯ ಬಟ್ಟಲು ಕೊಡಿಸಿದರೆ ನನ್ನನ್ನು ಕಾಯಂ ಮಾಡಲು ಬರೆಯುತ್ತೇನೆಂದು ಸಾಹೇಬರು ಮಾತು ಕೊಟ್ಟರು. ಮಾದರಿಗೆಂದು ಆರು ಕೋಲು, ಒಂದು ಬಿಳಿ ಚೆಂಡು, ಒಂದು ಕಾಯಿದೆ ಪುಸ್ತಕವನ್ನೂ ಕೊಟ್ಟರು. ಪುಸ್ತಕವನ್ನು ಎರಡು ಸಲ ಓದಿದೆ. ಈ ಸೀಮೆಯಲ್ಲಿ ಹಾಕಿ ಬಲ್ಲವನು ಈಗ ನಾನೊಬ್ಬನೇ.

ಗುರುಲಿಂಗವ್ವನಿಗೆ ಹೇಳಿದೆ. ಹೆಂಡತಿಯಾದವಳು ಹಿಗ್ಗಬೇಕೋ ಬೇಡವೋ?

"ಕೋಲ್ ತಗೊಂಡು ಚೆಂಡಿಗೆ ಹೊಡಿಯೂದಕ್ಕ ಸರಕಾರದ ಹುಕುಮ್ ಯಾಕ ಬೇಕ್ರಿ? ನಮ್ಮ ಹುಡುಗ್ರು ಹುಕುಮ್ ಇಲ್ದನ ಎಲ್ಲಾದಕ್ಕೂ ಹೊಡೀತಾವ" ಎಂದಳು.

ನವೆಂಬರ್ ೧೦. ಹುನಗುಂದ

ಗಾಡಿಯಲ್ಲಿ ಬಂದು ಬೆನ್ನು ಮುರಿದುಹೋಗಿದೆ. ಇಲ್ಲಿಯ ಮಾಸ್ತರ ಶಂಕ್ರಪ್ಪ ಒಳ್ಳೆಯವನು, ಆದರೆ ಮಾತು ಮುಗಿಸುವುದು ಗೊತ್ತಿಲ್ಲ. ಕೋಲಿನ ತುದಿಯನ್ನು ಎಡಗೈಯಲ್ಲಿ, ಅದರ ಕೆಳಗೆ ಬಲಗೈಯಲ್ಲಿ ಹಿಡಿಯಬೇಕೆಂದು ಕಲಿಸಿದೆ. ಶಂಕ್ರಪ್ಪ ಕೈಮುಗಿದ.

"ಎಡಗೈಯಾಗ ನಾವು ಲಿಂಗಾ ಇಟಗೊಂಡು ಪೂಜಾ ಮಾಡ್ತೀವಿ ಸಾಹೇಬ್ರ. ನಿಮಗ ಗೊತ್ತಿಲ್ಲದ್ದೇನಲ್ಲ. ಆ ಕೈಯಾಗ ಬಡಿಗಿ ಹಿಡಿಯೂದು ಹ್ಯಾಂಗ್ರಿ?"

ಮೊನ್ನೆ ಬಾದಾಮಿಯಲ್ಲಿ ಒಬ್ಬ ಹಿರಿಯರು ಬಂದು, ಎಡಗೈ ಅಶುದ್ಧವಾದದ್ದು, ಅದು ಬಲಗೈಯ ಮೇಲೆ ಬರಕೂಡದು ಎಂದು ಜಗಳ ತೆಗೆದಿದ್ದರು. ಒಂದೂರಿಗೆ ಎಡಗೈ ಮಡಿ ಹೆಚ್ಚಾಯಿತು, ಇನ್ನೊಂದೂರಿಗೆ ಕಡಿಮೆಯಾಯಿತು. ನನ್ನ ಕರ್ಮ! "ಕೋಲನ್ನು ಆಯಾ ಊರಿನ ರೂಢಿಯಂತೆ ಹಿಡಿಯತಕ್ಕದ್ದು" ಎಂದು ಒಂದು ಹುಕುಮು ಬರೆದು ಮುಂದೆ ನಡೆದೆ.

ನವೆಂಬರ್ ೧೩. ಇಳಕಲ್ಲು

ಮೂಲೆಗಳಲ್ಲಿ ಇದು ಕೊನೆಯ ಮೂಲೆ. ಊರೆಲ್ಲ ಲಟಪಟ ಲಟಪಟ ಮಗ್ಗದ ಸದ್ದು. ಶಾಲೆಗೆ ಹೋದರೆ ಅರ್ಧ ಹುಡುಗರಿಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸಲು ಸಣ್ಣ ಬೆರಳು ಬೇಕೆಂದು ಮನೆಯಲ್ಲಿ ಕೂಡಿಸಿಕೊಂಡಿದ್ದಾರೆ. ಹೆಡ್‌ಮಾಸ್ತರ ಖಾಸಿಂಸಾಬನಿಗೆ ಹುಡುಗರೆದುರಿಗೇ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ನೀರ್ ಕುಡೀರಿ ಸಾಹೇಬ್ರ, ಬಿಸಲಾಗ ಬಂದೀರಿ" ಎಂದ. ಇಂಥವರನ್ನು ಬೈದರೂ ಸುಖವಿಲ್ಲ.

ಮೊದಲನೆಯ ಹೊಡೆತಕ್ಕೇ ಸಾಹೇಬರ ಬಿಳಿ ಚೆಂಡು ಬಾವಿಗೆ ಬಿತ್ತು. ಹೊಡೆದವನು ಹನಮಪ್ಪ, ನೇಕಾರರ ಹುಡುಗ, ಹದಿನಾಲ್ಕು ವರ್ಷ, ಮಣಿಕಟ್ಟು ಕಬ್ಬಿಣ. ಶಾಲೆಯ ಎದುರುಮನೆಯ ಲಾಡಬಿ ಎಂಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. ಹುಣಸೆ ಬೀಜದ ಗಂಟಿನ ಮೇಲೆ ಮಗ್ಗದ ಹರಕು ನೂಲು ಬಿಗಿಯಾಗಿ ಸುತ್ತಿ, ಹೊಲಿದು, ಸಂಜೆಯೊಳಗೆ ಒಂದು ಕೆಂಪು ಚೆಂಡು ತಂದುಕೊಟ್ಟಳು. ಸಾಹೇಬರ ಚೆಂಡಿಗಿಂತ ನೆಟ್ಟಗೆ ಓಡುತ್ತದೆ. ಇದನ್ನು ವರದಿಯಲ್ಲಿ ಬರೆಯಕೂಡದು.

ಆಟ ಶುರುವಾಗುವಾಗ ಎರಡು ತಂಡದ ಒಬ್ಬೊಬ್ಬರು ಎದುರುಬದುರು ನಿಂತು, ಕೋಲಿಗೆ ಕೋಲು ಮೂರು ಸಲ ತಟ್ಟಬೇಕೆಂಬುದು ಕಾಯಿದೆ. ಹುಡುಗರಿಗೆ ಇದು ಬಹಳ ಸೇರಿತು. ಒಂದೊಂದು ತಟ್ಟಿಗೆ ಒಂದೊಂದು ಕುಶಲ ಕೇಳುತ್ತಾರೆ. "ಆರಾಮಿದೀರಿ? ಊಟಾತ್ರಿ? ಮನ್ಯಾಗೆಲ್ಲಾರು ಹ್ಯಾಂಗದಾರ?" ಉತ್ತರ ಕೇಳಿಯೇ ಚೆಂಡು ಮುಟ್ಟುವುದು. ಬೇಡವೆಂದರೆ, ಮೂರು ಸಲ ಬಾಗಿಲು ತಟ್ಟಿ ಏನೂ ಮಾತಾಡದೆ ನಿಲ್ಲುತ್ತಾರೇನ್ರಿ ಎಂದು ನನ್ನನ್ನೇ ಕೇಳಿದರು.

ಡಿಸೆಂಬರ್ ೪. ಬಾಗಲಕೋಟೆ

ಲೀಗಿನ ಮೊದಲನೆಯ ಆಟ ಇಂದು ಇಲ್ಲೇ ನಡೆಯಿತು. ಇಳಕಲ್ಲಿನವರು ಎರಡು ಗಾಡಿ ಮಾಡಿಕೊಂಡು ಬಂದರು. ಬಾಗಲಕೋಟೆಯವರು ಮನೆಮನೆಗೆ ಹಂಚಿಕೊಂಡು ಅವರಿಗೆ ಗೋದಿ ಹುಗ್ಗಿ ಉಣಿಸಿದರು. ಇಳಕಲ್ಲು ನಾಲ್ಕು ಗೋಲು, ಬಾಗಲಕೋಟೆ ಸೊನ್ನೆ. ಇಳಕಲ್ಲೇ ಗೆಲ್ಲುವ ತಂಡವೆಂದು ಸಾಹೇಬರಿಗೆ ಬರೆದೆ.

ಡಿಸೆಂಬರ್ ೧೮. ಇಳಕಲ್ಲು

ಇಳಕಲ್ಲು ಸೊನ್ನೆ, ಬಾಗಲಕೋಟೆ ನಾಲ್ಕು. ಅದೇ ನಾಲ್ಕು! ಇಳಕಲ್ಲಿನ ಗೋಲು ಕಾಯುವವನು ಒಂದು ಚೆಂಡಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಂತೆ ಕಂಡಿತು. ಬಿಸಿಲಿಗೆ ಕಣ್ಣು ಮಂಜಾಗಿರಬೇಕು.

ಡಿಸೆಂಬರ್ ೩೦

ಎಲ್ಲ ಆಟಗಳೂ ಮುಗಿದವು. ಬಾದಾಮಿಗೆ ಹೋದ ಹುನಗುಂದ ಗೆದ್ದಿತು, ಹುನಗುಂದಕ್ಕೆ ಹೋದ ಬಾದಾಮಿ ಗೆದ್ದಿತು. ನಾಲ್ಕೂ ತಂಡಗಳಿಗೆ ಮೂರು ಗೆಲುವು, ಮೂರು ಸೋಲು. ಗೆಲುವೆಲ್ಲ ಪರವೂರಿನಲ್ಲಿ, ಸೋಲೆಲ್ಲ ಸ್ವಂತ ಊರಿನಲ್ಲಿ. ತಲೆ ಕೆಟ್ಟುಹೋಯಿತು.

ಎರಡು ದಿನ ಆಲೋಚಿಸಿ ಶಾಸ್ತ್ರೀಯವಾದ ಕಾರಣ ಕಂಡುಹಿಡಿದೆ. ಗಾಡಿಯ ಕುಲುಕಾಟದಿಂದ ಪ್ರವಾಸಿ ಬಾಲಕರ ರಕ್ತ ಚುರುಕಾಗುತ್ತದೆ. ಮನೆಯಲ್ಲಿ ಕೂತವರ ರಕ್ತ ಜಡವಾಗುತ್ತದೆ. ಐದು ಪುಟ ಬರೆದು ಸಾಹೇಬರಿಗೆ ಕಳಿಸಿದೆ.

೧೯೧೦, ಜನವರಿ ೮. ಬಾಗಲಕೋಟೆ

ಸಾಹೇಬರಿಗೆ ನನ್ನ ಲೇಖನ ಬಹಳ ಮೆಚ್ಚಿಗೆಯಾಯಿತಂತೆ. ಅವರ ಅಪ್ಪಣೆಯಂತೆ ಇಂದು ಪರೀಕ್ಷೆ ಮಾಡಿದೆವು. ಹುನಗುಂದದವರು ಆಡಲು ಬಂದರು. ಆಟಕ್ಕೆ ಮುಂಚೆ ನಮ್ಮ ಬಾಗಲಕೋಟೆಯ ಹುಡುಗರನ್ನು ಗಾಡಿಯಲ್ಲಿ ಹೇರಿ ಎರಡು ತಾಸು ಊರ ಸುತ್ತ ಕುಲುಕಿಸಿದೆ. ಮೂವರು ವಾಂತಿ ಮಾಡಿದರು. ಐದು ಗೋಲಿನಿಂದ ಸೋತರು.

ಜನವರಿ ೯

ಮಧ್ಯಾಹ್ನ ಉಣ್ಣುತ್ತ ಗುರುಲಿಂಗವ್ವನೆದುರು ಗೋಳು ತೋಡಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಖರೇನ ನಿಮಗ ತಿಳಿದಿಲ್ಲೇನ್ರಿ?"

"ಏನು?"

"ಅಯ್ಯ ಶಿವನ! ದೂರದಿಂದ ಗಾಡಿ ಕಟಗೊಂಡು ಬಂದವರನ್ನ ಸೋಲಿಸಿ ಕಳಸ್ತಾರೇನ್ರಿ ಯಾರರ? ಬೀಗರು ಬಂದ್ರ ಉಡಿ ತುಂಬಿ ಕಳಸೂದಿಲ್ಲೇನು? ಹಂಗ ಗೋಲ್ ಕೊಟ್ಟು ಕಳಸ್ಯಾರ. ನಾಲ್ಕ್ ಕೊಟ್ಟವರಿಗಿ ತಿರುಗಿ ನಾಲ್ಕ್ ಕೊಟ್ಟಾರ. ಎಷ್ಟ್ ಛಂದ ನಡಸ್ಯಾರ ಹುಡುಗ್ರು!"

ಐದು ಪುಟ! ಐದು ಪುಟ ರಕ್ತಸಂಚಾರದ ಬಗ್ಗೆ ಬರೆದಿದ್ದೇನೆ ನಾನು. ಅನ್ನ ಸೇರಲಿಲ್ಲ. ಅವಳ ನಗು ಸಂಜೆಯವರೆಗೂ ನಿಲ್ಲಲಿಲ್ಲ.

ಜನವರಿ ೧೧

ಸುತ್ತೋಲೆ ಹೊರಡಿಸಿದೆ. ಒಂದು: ಆಟಕ್ಕೆ ಮುಂಚೆ ಪರವೂರಿನವರಿಗೆ ಊಟ ಹಾಕಕೂಡದು. ಎರಡು: ಕೋಲು ತಟ್ಟುವಾಗ ಕುಶಲ ಕೇಳಕೂಡದು. ಮೂರು: ಬೇಕೆಂದು ಸೋತವರಿಗೆ ಛಡಿ ಏಟು. ಇನ್ನೊಂದು ಸುತ್ತು ಆಡಿಸುತ್ತೇನೆ. ಹೇಗೆ ಯಾರೂ ಗೆಲ್ಲುವುದಿಲ್ಲವೋ ನೋಡೋಣ.

ಜನವರಿ ೨೨

ಇಳಕಲ್ಲಿನಿಂದ ಖಾಸಿಂಸಾಬನ ಕಾಗದ ಬಂದಿದೆ. ಇದ್ದದ್ದು ಇದ್ದಂತೆ ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಸಾಹೇಬ್ರಿಗೆ ಸಲಾಮ. ಹುಕುಮ್ ಪ್ರಕಾರ ಬಾದಾಮಿಯವರಿಗೆ ಆಟದ ಮೊದಲ ಊಟ ಹಾಕಲಿಲ್ಲ, ಆಟ ಮುಗಿದ ಮ್ಯಾಲ ಹಾಕೀವಿ. ಪಾಪ, ಹಸಗೊಂಡು ಆಡಿದ್ರು. ಅದಕ್ಕ ಎರಡು ಗೋಲು ಹೆಚ್ಚಿಗಿ ಕೊಡಬೇಕಾತು. ಛಡಿ ಏಟು ನಾನ ತಿನ್ನಬೇಕೋ, ಹುಡುಗ್ರು ತಿನ್ನಬೇಕೋ, ಹುಕುಮಿನಾಗ ತಿಳೀಲಿಲ್ಲ."

ನಾಳೆಯೇ ಹೊರಟು ಹೋಗಿ ಇವನನ್ನು ವಿಚಾರಿಸಿಕೊಳ್ಳುತ್ತೇನೆ.

ಜನವರಿ ೨೫. ಇಳಕಲ್ಲು

ಜ್ವರ.

ಜನವರಿ ೨೭

ಜ್ವರ. ಶಾಲೆಯ ಕೋಣೆಯಲ್ಲೇ ಮಲಗಿದ್ದೇನೆ.

ಜನವರಿ ೨೯

ಇಂದು ಎದ್ದು ಕೂತೆ. ಖಾಸಿಂಸಾಬ ನಾಲ್ಕು ದಿನ ಶಾಲೆಗೆ ರಜೆ ಕೊಟ್ಟು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದನಂತೆ. ಮೇಲಿನ ಅಪ್ಪಣೆಯಿಲ್ಲದೆ ರಜೆ ಕೊಡುವುದು ದೊಡ್ಡ ಅಪರಾಧ, ವರದಿ ಮಾಡಬೇಕು. ಹನಮಪ್ಪನ ತಾಯಿ ಎರಡು ಹೊತ್ತೂ ಗಂಜಿ ಕಳಿಸಿದಳು. ಉಪ್ಪು ಕಡಿಮೆ. ಲಾಡಬಿ ಬಾಗಿಲಲ್ಲಿ ಕೂತು, ನನ್ನ ಕಾಲಿಗೆ ಹೊದೆಯಲೆಂದು ಹಳೆ ಸೀರೆಗಳ ಕೌದಿ ಹೊಲಿದು ಕೊಟ್ಟಳು.

ಜ್ವರದಲ್ಲಿ ನಾನು ಬಡಬಡಿಸಿದೆನಂತೆ. "ಬಟ್ಟಲು ಕೊಡದಿದ್ರ ಕಾಯಂ ಇಲ್ಲ, ಕಾಯಂ ಇಲ್ಲ ಅಂತ ಒಂದ ಸವನ ಅಳತಿದ್ರಿ" ಎಂದು ಹನಮಪ್ಪ ಹೇಳಿದ. ಹುಡುಗರಿಗೆಲ್ಲ ನನ್ನ ಗುಟ್ಟು ತಿಳಿದುಹೋಗಿದೆ. ಮಾನ ಹೋಯಿತು.

ಜನವರಿ ೩೧. ದಾರಿಯಲ್ಲಿ

ವರದಿ ಮಾಡುವುದು ಮರೆತುಹೋಯಿತು. ಛಡಿಯ ವಿಷಯವೂ. ಕೌದಿಯನ್ನು ಹಿಂದಿರುಗಿಸುವುದೂ ಮರೆತೆ, ಹೊದ್ದುಕೊಂಡೇ ಗಾಡಿಯಲ್ಲಿ ಕೂತಿದ್ದೇನೆ.

ಫೆಬ್ರವರಿ ೩. ಬಾಗಲಕೋಟೆ

ಕೊನೆಗೂ ಉಪಾಯ ಹೊಳೆಯಿತು. ಇಬ್ಬರಿಗೂ ಸ್ವಂತದ್ದಲ್ಲದ ಊರಿನಲ್ಲಿ ಕೊನೆಯ ಆಟ ಇಟ್ಟರೆ ಅತಿಥಿಯೂ ಇಲ್ಲ, ಮನೆಯವರೂ ಇಲ್ಲ. ಎಲ್ಲ ತಂಡಗಳೂ ಸಮ ಇದ್ದುದರಿಂದ ಚೀಟಿ ಎತ್ತಿಸಿದೆ. ಇಳಕಲ್ಲು ಮತ್ತು ಹುನಗುಂದ ಬಂದವು. ಹನ್ನೆರಡನೆಯ ತಾರೀಖು ಬಾದಾಮಿಯಲ್ಲಿ, ಸಾಹೇಬರ ಎದುರಿಗೆ ಆಟ. ತೀರ್ಪು ಕೊಡಲು ಸೀಟಿ ನನ್ನ ಕೈಯಲ್ಲಿ. ಕಾಯಂ ಆದಮೇಲೆ ಒಂದು ಹೊಸ ರುಮಾಲು ಕೊಳ್ಳಬೇಕು.

ಫೆಬ್ರವರಿ ೧೨. ಬಾದಾಮಿ

ನಿಧಾನವಾಗಿ, ಒಂದೂ ಬಿಡದೆ ಬರೆಯುತ್ತೇನೆ.

ಇಳಕಲ್ಲಿನ ಗಾಡಿಗಳ ದಾರಿ ಹುನಗುಂದದ ಮೇಲೆಯೇ ಬರುತ್ತದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಎರಡೂ ತಂಡಗಳು ಕೂಡಿಯೇ ಬಂದಿದ್ದವು. ಪಟ್ಟದಕಲ್ಲಿನ ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ, ಇವರ ರೊಟ್ಟಿ ಅವರು, ಅವರ ಚಟ್ನಿ ಇವರು ಉಂಡಿದ್ದರು. ಈಗ ಎಲ್ಲರೂ ಎಲ್ಲರಿಗೂ ಅತಿಥಿಗಳು.

ಕೋಟೆಗುಡ್ಡದ ಕೆಳಗಿನ ಬಯಲಲ್ಲಿ ಜನ ಕಿಕ್ಕಿರಿದಿತ್ತು. ಸಾಹೇಬರು ಕುರ್ಚಿಯಲ್ಲಿ, ಮೇಜಿನ ಮೇಲೆ ಬಟ್ಟಲು. ಸೀಟಿ ಊದಿದೆ. ಹನಮಪ್ಪನೂ ಹುನಗುಂದದ ಹುಡುಗನೂ ಕೋಲು ತಟ್ಟಿದರು. ಸುತ್ತೋಲೆಯಂತೆ ಬಾಯಿ ಬಿಚ್ಚಲಿಲ್ಲ, ಹುಬ್ಬು ಹಾರಿಸಿ ಮೂರೂ ಕುಶಲ ಕೇಳಿಕೊಂಡರು. ಆಮೇಲೆ ಶುರುವಾಯಿತು.

"ನೀ ತಗೋಪಾ."

"ಇಲ್ಲ ಇಲ್ಲ, ನೀ ತಗೋ. ನೀ ದೂರಿಂದ ಬಂದಿ."

"ಏನ್ ದೂರಲೇ, ಕೂಡೇ ಬಂದೀವಲ್ಲ!"

ಒಂದು ತಾಸು ಚೆಂಡು ಬಯಲ ನಡುವೆಯೇ ಓಡಾಡಿತು. ತಪ್ಪಿ ಗೋಲಿನ ಸಮೀಪ ಹೋದರೆ ಹೊಡೆದವನೇ ಓಡಿ ಅದನ್ನು ಹಿಂದಕ್ಕೆ ತರುತ್ತಿದ್ದ. ಸಾಹೇಬರು ಮೊದಲರ್ಧ ತಾಸು ಮೈಮರೆತು ನೋಡಿದರು, ಇಂಥ ಚೆಂಡು ಹಂಚಿಕೆ ಬೆಳಗಾವಿಯ ಸೋಲ್ಜರರಲ್ಲೂ ಕಂಡಿಲ್ಲ ಎಂದರು. ಆಮೇಲೆ ಗಡಿಯಾರ ನೋಡಿದರು. ವೇಳೆ ಮುಗಿದಾಗ ನನ್ನನ್ನು ಕರೆದು, ಗೋಲಾಗುವವರೆಗೆ ಆಡಿಸು, ಗೆದ್ದವರಿಲ್ಲದ ಲೀಗಿಗೆ ಇನ್ಸ್‌ಪೆಕ್ಟರನೂ ಬೇಕಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಗದರಿದರು. ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಹುಡುಗರಿಗೆ ಪೂರಾ ಅರ್ಥವಾಯಿತು.

ಹನಮಪ್ಪ ಹುನಗುಂದದವರ ಹತ್ತಿರ ಹೋಗಿ ಏನೋ ಹೇಳಿದ. ಅವರೂ ನನ್ನ ಕಡೆ ನೋಡಿ ತಲೆಯಾಡಿಸಿದರು. ಮತ್ತೆ ಸೀಟಿ ಊದಿದೆ. ಹನಮಪ್ಪ ಚೆಂಡು ತೆಗೆದುಕೊಂಡು ಹೊರಟ. ಹುನಗುಂದದ ಹುಡುಗರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಗೋಲು ಕಾಯುತ್ತಿದ್ದ ಇಬ್ರಾಹಿಂಸಾಬ ಎಂಬ ಹುಡುಗ ಕಣ್ಣು ಮುಚ್ಚಿಕೊಂಡ. ಕೆಂಪು ಚೆಂಡು ಒಳಗೆ ಹೋಯಿತು.

ಗೋಲು! ನಾನು ಕಾಯಂ! ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನನಗೆ ಹಾಗೆಯೇ ಅನ್ನಿಸಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹನಮಪ್ಪ ಕೋಲು ಕೆಳಗಿಟ್ಟು ಇಬ್ರಾಹಿಂಸಾಬನ ಎರಡೂ ಕೈ ಹಿಡಿದುಕೊಂಡು, "ತಪ್ಪಾತೋ. ನಿಮ್ಮ ಬುತ್ತಿ ಉಂಡು ಹಿಂಗ ಮಾಡಿದೆ. ಏನ್ ಮಾಡ್ಲಿ, ಇನ್ಸ್‌ಪೆಕ್ಟರ್ ಸಾಹೇಬ್ರು ನಮ್ಮೂರಿಗಿ ಬಂದವರು, ಸೋತು ಹೋಗಬಾರದಲ್ಲ" ಎಂದು ಹೋ ಎಂದು ಅತ್ತ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಎಲ್ಲ ಕೇಳಿಸಿತು.

ಸೀಟಿ ತಾನಾಗಿ ಬಾಯಿಗೆ ಬಂತು. ಊದಿದೆ. ಹೊಡೆಯುವಾಗ ಕೋಲು ಹೆಗಲಿಗಿಂತ ಮೇಲೆ ಎದ್ದಿತ್ತು, ಕಾಯಿದೆಗೆ ವಿರುದ್ಧ, ಗೋಲು ರದ್ದು ಎಂದೆ. ಸಾಹೇಬರು ಎದ್ದು ನಿಂತು, ನನಗೆ ಕಾಣಲಿಲ್ಲವಲ್ಲ ಎಂದರು. ನನಗೆ ಕಂಡಿತು ಎಂದೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ. ಬಟ್ಟಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕುದುರೆ ಹತ್ತಿ ಹೋದರು.

ಕಾಯಿದೆ ಎಂದರೆ ಕಾಯಿದೆ. ಅದರಲ್ಲಿ ಯಾರ ಮುಖವನ್ನೂ ನೋಡಲಾಗದು.

ಫೆಬ್ರವರಿ ೧೩

ದಿನಚರಿಯಲ್ಲಾದರೂ ನಿಜ ಬರೆಯಬೇಕು. ಹನಮಪ್ಪನ ಕೋಲು ಮೊಣಕಾಲಿನ ಮೇಲಕ್ಕೆ ಎದ್ದಿರಲಿಲ್ಲ. ನಾನೇಕೆ ಹಾಗೆ ಮಾಡಿದೆನೋ ತಿಳಿಯದು. ಜ್ವರದ ಅಶಕ್ತತೆ ಇನ್ನೂ ಹೋಗಿರಲಿಕ್ಕಿಲ್ಲ.

ಗುರುಲಿಂಗವ್ವನಿಗೆ ಇಷ್ಟನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ತಾಟಿನಲ್ಲಿ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಕೈತುಂಬ ಬೆಣ್ಣೆ ಇಟ್ಟಳು.

ಮಾರ್ಚ್ ೩

ಹುಕುಮು ಬಂತು. ಮೂಲೆಗಳಲ್ಲಿ ಲೀಗ್ ವಿಸ್ತರಣೆ ಪೂರ್ಣ ಯಶಸ್ವಿಯಾದ್ದರಿಂದ ಅದನ್ನು ಇಲ್ಲಿಗೇ ನಿಲ್ಲಿಸಲಾಗಿದೆ. ಕೊನೆಯ ಆಟದಲ್ಲಿ ಒಂದೂ ಗೋಲಾಗದಷ್ಟು ಭದ್ರವಾದ ರಕ್ಷಣೆಯನ್ನು ಇಲ್ಲಿಯ ಬಾಲಕರಿಗೆ ಕಲಿಸಿದ್ದಕ್ಕಾಗಿ ಟಾಲ್ಬಟ್ ಸಾಹೇಬರಿಗೆ ಪುಣೆಗೆ ಬಡ್ತಿ. ಗಾಡಿಯ ಕುಲುಕಾಟದ ಲೇಖನವೂ ಅವರ ಹೆಸರಿನಲ್ಲೇ ಅಚ್ಚಾಗಿದೆ.

ನನ್ನನ್ನು ಮೊದಲಿನ ಮಾಸ್ತರಿಕೆಗೆ ಇಳಿಸಿದ್ದಾರೆ. ಇಳಕಲ್ಲು ಶಾಲೆಯ ಎರಡನೆಯ ಮಾಸ್ತರ, ಖಾಸಿಂಸಾಬನ ಕೈಕೆಳಗೆ. ಇದಂತೂ ಕಾಯಂ ಹುದ್ದೆ.

ದುಃಖವಾಯಿತು. ಸುಳ್ಳೇಕೆ ಹೇಳಲಿ, ಹಿತ್ತಲಿಗೆ ಹೋಗಿ ಅತ್ತೆ.

ಮಾರ್ಚ್ ೨೧. ಇಳಕಲ್ಲು

ಸಾಮಾನು ಇಳಿಸಿದೆವು. ಮನೆ ಲಾಡಬಿಯ ಮನೆಗೆ ಹೊಂದಿಕೊಂಡಿದೆ. ಖಾಸಿಂಸಾಬ ಶಾಲೆಯಲ್ಲಿ ತನ್ನ ಕುರ್ಚಿಯ ಪಕ್ಕ ಅಷ್ಟೇ ಎತ್ತರದ ಇನ್ನೊಂದು ಕುರ್ಚಿ ಹಾಕಿಸಿದ್ದಾನೆ. "ನಾ ಹೆಡ್‌ಮಾಸ್ತರ ಆದ್ರೂ ನೀವು ಬೈಬೇಕ್ರಿ ಮತ್ತ. ರೂಢಿ ಆಗೇತಿ" ಎಂದ. ನಗು ಬಂತು. ಬೈಯಲು ಮಾತ್ರ ಏನೂ ಹೊಳೆಯಲಿಲ್ಲ.

ಮಾರ್ಚ್ ೨೨

ಸಂಜೆ ಹುಡುಗರು ನನ್ನನ್ನೂ ಆಟಕ್ಕೆ ಎಳೆದರು. ಹನಮಪ್ಪ ಎದುರು ನಿಂತು ಕೋಲು ತಟ್ಟಿ, "ಆರಾಮಿದೀರಿ? ಊಟಾತ್ರಿ? ಮನ್ಯಾಗ ಅವ್ವಾರು ಹ್ಯಾಂಗದಾರ?" ಎಂದು ಕೇಳಿದ. ನಾನು ಮೂರು ಗೋಲು ಹೊಡೆದೆ! ಈ ವಯಸ್ಸಿನಲ್ಲಿ! ನನ್ನಲ್ಲಿ ಈ ಆಟದ ಕಲೆ ಮೊದಲಿನಿಂದಲೂ ಇದ್ದಿರಬೇಕು.

ಮಾರ್ಚ್ ೨೬

ಇಂದು ಎರಡು ಗೋಲು ಹೊಡೆದೆ. ಹೆಗಲು ನೋವು. ಬೆಳಿಗ್ಗೆ ಮಗ್ಗಕ್ಕೆ ಕೂಡುವ ಹುಡುಗರಿಗಾಗಿ ಸಂಜೆ ಒಂದು ತಾಸು ಪಾಠ ಇಟ್ಟರೆ ಹೇಗೆಂದು ಖಾಸಿಂಸಾಬನನ್ನು ಕೇಳಿದೆ. ನಾಳೆಯಿಂದಲೇ ಶುರು.

ಏಪ್ರಿಲ್ ೬

ಇಂದು ನಡೆದದ್ದು ಅತ್ಯಂತ ಖೇದಕರ.

ಹನಮಪ್ಪ ಎದುರು ನಿಂತ. ಕೋಲು ಮೂರು ಸಲ ತಟ್ಟಿದ. ಆರಾಮೇ ಎಂದು ಕೇಳಲಿಲ್ಲ, ಊಟವಾಯಿತೇ ಎಂದು ಕೇಳಲಿಲ್ಲ. ನಾನು "ಆರಾಮ್ ಇದ್ದೇನೆ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಚೆಂಡು ಕಸಿದುಕೊಂಡು ಓಡಿಯೇಬಿಟ್ಟ. ಅಡ್ಡ ಹೋದೆ. ನನ್ನನ್ನು ತಳ್ಳಿ ಕೆಡವಿದ. ಗುರುವನ್ನು! ಮೊಣಕಾಲು ಕೆತ್ತಿಹೋಯಿತು. ಅವನ ಕಡೆಗೆ ಐದು ಗೋಲು, ನನ್ನ ಕಡೆಗೆ ಸೊನ್ನೆ. ಒಂದು ಗೋಲಾದರೂ ಬಿಡಬಾರದೇ? "ಏಳ್ರಿ ಮಾಸ್ತರ, ಎಷ್ಟೊತ್ತು ಕುಂದರ್ತೀರಿ?" ಎಂದು ಮೇಲೆ ನಗು ಬೇರೆ.

ಕುಂಟುತ್ತ ಮನೆಗೆ ಬಂದು ಗುರುಲಿಂಗವ್ವನಿಗೆ ದೂರು ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು, ನಕ್ಕು ನಕ್ಕು ಕಣ್ಣೀರು ಬಂತು. ಗೋಡೆಯ ಮೇಲಿಂದ ಕೂಗಿದಳು:

"ಲಾಡಬೀ, ಕೇಳಿದೇನ? ನಮ್ಮನಿಯವರಿಗಿ ಹುಡುಗ್ರು ಐದ್ ಗೋಲ್ ಹೊಡದ್ರಂತ!"

"ಅಯ್ಯ ನಮ್ಮವ್ವ, ಹೌದಾ!" ಆ ಕಡೆಯಿಂದ ಮುದುಕಿಯ ಧ್ವನಿ ಬಂತು. "ಇವತ್ತ ಸಿಹಿ ಮಾಡವಾ. ಊರವರಾದ್ರು ಮಾಸ್ತರು."

ಎಂಥ ಹೆಂಗಸರು! ಗಂಡನ ಮೊಣಕಾಲಿನಿಂದ ರಕ್ತ ಸುರಿಯುತ್ತಿದೆ, ಇವಳು ಸಜ್ಜಕ ಮಾಡುತ್ತಿದ್ದಾಳೆ. ಎರಡು ಸಲ ಹಾಕಿಸಿಕೊಂಡು ಉಂಡೆ.

ಶನಿವಾರ ಹುನಗುಂದದ ಹುಡುಗರು ಆಡಲು ಬರುತ್ತಾರಂತೆ, ಯಾವ ಹುಕುಮೂ ಇಲ್ಲದೆ. ನಾವು ಅವರಿಗೆ ಎಷ್ಟು ಗೋಲಿನಿಂದ ಸೋಲಬೇಕೆಂಬುದನ್ನು ನಾಳೆ ಬೆಳಿಗ್ಗೆ ಖಾಸಿಂಸಾಬನ ಜೊತೆ ಕೂತು ನಿಶ್ಚಯಿಸಬೇಕು.